ಮಲೆನಾಡಿನ ದಾರಿಯಲ್ಲಿ ಎರಡು ಲ್ಯಾಪ್‌ಟಾಪ್: ಕೆಲಸ ಮಾಡುತ್ತಲೇ ಊರೂರು ಸುತ್ತುವ ಜೋಡಿಗಳು ಕೇಳುವ ಪ್ರಶ್ನೆಗಳು

ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದೆ. ಸುಲಭದವು ಮೊದಲು, ವೈರು-ಫ್ಯೂಸಿನ ಲೆಕ್ಕ ಕೊನೆಗೆ.

## ಹೊರಡುವ ಮುಂಚೆ

ನಾವಿಬ್ಬರೂ ಬೆಂಗಳೂರಲ್ಲಿ ಮನೆಯಿಂದಲೇ ಕೆಲಸ ಮಾಡೋರು. ಮೂರು ವಾರ ಮಲೆನಾಡು ಸುತ್ತಿಕೊಂಡೇ ಕೆಲಸ ಮಾಡೋಕಾಗುತ್ತಾ, ಇಲ್ಲಾ ಸುಮ್ಮನೆ ರಜೆ ಹಾಕೋದು ವಾಸಿನಾ?

ಆಗುತ್ತದೆ. ಷರತ್ತು ಒಂದೇ: ಕೆಲಸದ ದಿನ ಊರು ಬದಲಿಸಬೇಡಿ. ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ಲಾಗಿನ್ ಆಗುತ್ತೇವೆ ಎಂಬ ಲೆಕ್ಕ ಬಯಲುಸೀಮೆಯ ಹೆದ್ದಾರಿಯಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಒಳದಾರಿಗಳಲ್ಲಿ ಸರಾಸರಿ ವೇಗ ಗಂಟೆಗೆ 30ರಿಂದ 35 ಕಿ.ಮೀ., ಘಾಟಿಯಲ್ಲಿ 20ರಿಂದ 25. ನಡುವೆ ಒಂದು ಮರ ಬಿದ್ದಿದ್ದರೆ ಇನ್ನೊಂದು ಗಂಟೆ. ತಲುಪಿದರೂ ಹಿಂದಿನವರು ಖಾಲಿ ಮಾಡಿ ರೂಮು ಸಿಗುವಾಗ ಮಧ್ಯಾಹ್ನ ಹನ್ನೆರಡು. ಹಾಗಾಗಿ ಶನಿವಾರ ಊರು ಬದಲಿಸಿ, ಭಾನುವಾರ ಸುತ್ತಾಡಿ, ಸೋಮವಾರದಿಂದ ಶುಕ್ರವಾರದವರೆಗೆ ಒಂದೇ ಮನೆಯಲ್ಲಿರಿ. ಮೂರು ವಾರಕ್ಕೆ ಮೂರು ಊರು ಸಾಕು.

ನಿಮ್ಮಲ್ಲಿ ಯಾರಿಗಾದರೂ ಆ ವಾರ ಆನ್-ಕಾಲ್ ಡ್ಯೂಟಿ ಇದ್ದರೆ, ಅಂದರೆ ಫೋನ್ ಬಂದ ಹತ್ತು ನಿಮಿಷದಲ್ಲಿ ಕೂರಲೇಬೇಕು ಎಂದಿದ್ದರೆ, ಆ ವಾರ ಶಿವಮೊಗ್ಗ ನಗರದಲ್ಲೇ ಇರಿ. ಸಕ್ರೆಬೈಲಿನ ಆನೆ ಬಿಡಾರ ಅಲ್ಲಿಂದ 14 ಕಿ.ಮೀ., ಬೆಳಿಗ್ಗೆ ಹೋಗಿ ಬರಬಹುದು.

ಮಳೆಗಾಲದಲ್ಲೇ ಬರಬೇಕು ಅಂತ ನಮ್ಮಾಸೆ. ಎಲ್ಲರೂ ಬೇಡ ಅಂತಾರಲ್ಲ, ಯಾಕೆ?

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ನೆನೆಯುವುದು ದೊಡ್ಡ ಸಂಗತಿಯಲ್ಲ. ಗಾಳಿಗೆ ಮರ ಲೈನಿನ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಇದು ವಾರಕ್ಕೊಮ್ಮೆಯ ಮಾತಲ್ಲ, ಅದಕ್ಕೂ ಹೆಚ್ಚು ಸಲ. ರಜೆ ಹಾಕಿ ಬರುವವರಿಗೆ ಮಳೆಗಾಲ ಚೆಂದ, ಕೆಲಸದವರಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು ಮಳೆಯೂ ಅಪಾಯದ್ದೇ. ಸಿಡಿಲು ಬಡಿದರೆ ಅಡಾಪ್ಟರ್ ಒಂದೇ ಅಲ್ಲ, ಇಂಟರ್ನೆಟ್ ಕೇಬಲಿನ ಮೂಲಕ ಬಂದು ರೂಟರ್‌ನ ಪೋರ್ಟೂ ಸುಡುತ್ತದೆ. ಗುಡುಗು ಕೇಳಿದೊಡನೆ ಪ್ಲಗ್ಗು, ಕೇಬಲ್ ಎರಡೂ ಕಿತ್ತಿಡಿ.

ಯಾವ್ಯಾವ ಊರಲ್ಲಿ ನಿಲ್ಲೋದು? ಆಗುಂಬೇಲೇ ಒಂದು ವಾರ ಇರೋಣ ಅಂತಿದೀವಿ.

ಆಗುಂಬೆ ಭಾನುವಾರಕ್ಕಿರಲಿ. ವಾರದ ದಿನಗಳಿಗೆ ತಾಲ್ಲೂಕು ಕೇಂದ್ರ, ಅಥವಾ ಅದರಿಂದ ಐದಾರು ಕಿ.ಮೀ. ಒಳಗಿನ ಮನೆ. ಅಲ್ಲಿ ಫೈಬರ್ ಇರುತ್ತದೆ, ಲೈನ್‌ಮನ್ ಬೇಗ ಬರುತ್ತಾರೆ, ಚಾರ್ಜರ್ ಹಾಳಾದರೆ ಅಂಗಡಿ ಇದೆ, ಡಾಕ್ಟರೂ ಇದ್ದಾರೆ. ಹೆಚ್ಚು ಜನಕ್ಕೆ ಒಗ್ಗಿದ ಸುತ್ತು ಹೀಗಿದೆ.

ಮೊದಲ ವಾರ ತೀರ್ಥಹಳ್ಳಿ. ಶಿವಮೊಗ್ಗದಿಂದ ಸುಮಾರು 60 ಕಿ.ಮೀ. ವಾರಾಂತ್ಯಕ್ಕೆ ಕವಲೇದುರ್ಗ, ಹುಂಚ, ಸುಮಾರು 33 ಕಿ.ಮೀ. ದೂರದ ಆಗುಂಬೆ. ಎರಡನೇ ವಾರ ಶೃಂಗೇರಿ ಅಥವಾ ಕೊಪ್ಪ. ಮಠ, ಜನಸಂದಣಿ ಬೇಡವೆನ್ನುವವರಿಗೆ ಕೊಪ್ಪವೇ ಮೇಲು. ಅಲ್ಲಿಂದ ಕಳಸ, ಹೊರನಾಡು, ಕುದುರೆಮುಖದ ಕಡೆ. ಮೂರನೇ ವಾರ ಸಾಗರ. ಜೋಗ ಸುಮಾರು 30 ಕಿ.ಮೀ., ಇಕ್ಕೇರಿ ಮತ್ತು ಕೆಳದಿ ಸಂಜೆ ಲಾಗೌಟ್ ಆದಮೇಲೂ ನೋಡಿ ಬರುವಷ್ಟು ಹತ್ತಿರ. ಶೃಂಗೇರಿಯಿಂದ ಸಾಗರಕ್ಕೆ ಹೊಸನಗರದ ಮೇಲೆ ಬರುವ ಶನಿವಾರ ಮಾತ್ರ ಉದ್ದದ ದಾರಿ, ಬೆಳಿಗ್ಗೆ ಬೇಗ ಬಿಡಿ.

ಹೋಂಸ್ಟೇಯವರಿಗೆ ಫೋನ್ ಮಾಡಿದಾಗ ವೈಫೈ ಇದೆ ಅಂತಾರೆ, ಹೋದಮೇಲೆ ಇರಲ್ಲ. ಏನು ಕೇಳಬೇಕು?

"ವೈಫೈ ಇದೆಯಾ" ಎಂದು ಕೇಳಿದರೆ ಇದೆ ಎಂದೇ ಉತ್ತರ, ಅದು ಸುಳ್ಳೂ ಅಲ್ಲ. ಜಗಲಿಯಲ್ಲಿ ಇರುತ್ತದೆ, ನಿಮ್ಮ ರೂಮಿಗೆ ಬರುವುದಿಲ್ಲ. ಮಲೆನಾಡಿನ ಹಳೇ ಮನೆಯ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ಒಂದಡಿಗೂ ದಪ್ಪ. ಎರಡು ಗೋಡೆ ದಾಟುವಷ್ಟರಲ್ಲಿ ವೈಫೈ ಸತ್ತೇಹೋಗುತ್ತದೆ. ಆದ್ದರಿಂದ ಕೇಳುವ ರೀತಿ ಬದಲಿಸಿ.

ಫೈಬರೋ, ಸಿಮ್ ಹಾಕಿದ ಡಬ್ಬಿಯೋ? ನಮಗೆ ಕೊಡುವ ರೂಮಿನಲ್ಲೇ ಕೂತು ಒಂದು ಸ್ಪೀಡ್ ಟೆಸ್ಟ್ ಮಾಡಿ ಫೋಟೋ ಕಳಿಸುತ್ತೀರಾ? (ಡೌನ್‌ಲೋಡ್ ನೋಡಿ ಮರುಳಾಗಬೇಡಿ. ಅಪ್‌ಲೋಡ್ ಒಬ್ಬರಿಗೆ 4 ಎಂಬಿಪಿಎಸ್ ಆದರೂ ಬೇಕು.) ಕರೆಂಟು ಹೋದರೆ ರೂಟರ್ ಇನ್ವರ್ಟರ್ ಮೇಲೆ ಇದೆಯೇ, ಬರೀ ದೀಪಕ್ಕೆ ಮಾತ್ರವೇ? ಕೊನೆಯ ಸಲ ದೊಡ್ಡದಾಗಿ ಕರೆಂಟು ಹೋದಾಗ ಎಷ್ಟು ಹೊತ್ತು ಬರಲಿಲ್ಲ? ಮಾಡು ಹಂಚಿನದೋ, ಶೀಟಿನದೋ? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಶೀಟಿನ ಮೇಲೆ ಜೋರು ಮಳೆ ಹೊಡೆದರೆ ಪಕ್ಕದಲ್ಲಿ ಕೂತವರ ಮಾತೇ ಕೇಳದು, ಮೈಕಿನ ಪಾಡು ಕೇಳುವುದೇ ಬೇಡ.

ಕೂರಲು ಮೇಜು ಇದೆಯೇ ಎಂದೂ ಕೇಳಿ. ಟೀಪಾಯಿ ಮೇಲೆ ಬಗ್ಗಿ ಐದು ದಿನ ದುಡಿದರೆ ಆರನೇ ದಿನ ಗಾಡಿ ಓಡಿಸಲು ಬೆನ್ನು ಬಿಡದು. ಮೇಜಿನ ಎತ್ತರ 72ರಿಂದ 75 ಸೆಂ.ಮೀ. ಇರಬೇಕು. ಅನುಮಾನವಿದ್ದರೆ ಮಡಚುವ ಮೇಜು ಒಂದನ್ನು ಡಿಕ್ಕಿಯಲ್ಲಿ ಹಾಕಿಕೊಳ್ಳಿ. ಅಕ್ಟೋಬರ್‌ನಿಂದ ಜನವರಿ ಅಡಿಕೆ ಕೊಯ್ಲಿನ ಕಾಲ, ಸುಲಿಯುವ ಯಂತ್ರ ಅಂಗಳದಲ್ಲೇ ಓಡುತ್ತಿದ್ದರೆ ಹಿಂದಿನ ರೂಮು ಕೇಳಿ ಪಡೆಯಿರಿ.

ಬಾಡಿಗೆ ಸಾಮಾನ್ಯವಾಗಿ ಊಟ-ತಿಂಡಿ ಸೇರಿಸಿ ತಲೆಗೆ ದಿನಕ್ಕಿಷ್ಟು ಎಂದಿರುತ್ತದೆ. ಸೋಮವಾರದಿಂದ ಶುಕ್ರವಾರ ಅವರ ಮನೆ ಖಾಲಿ ಇರುವ ದಿನ, ಏಳು ರಾತ್ರಿ ಇರುತ್ತೇವೆಂದು ಮೊದಲೇ ಹೇಳಿ ಮಾತಾಡಿದರೆ ಖಂಡಿತ ಇಳಿಸುತ್ತಾರೆ. ಮೂರೂ ಹೊತ್ತು ಕಡುಬು, ಅಕ್ಕಿರೊಟ್ಟಿ, ಪತ್ರೊಡೆ ಎಂದು ಬಡಿಸಿದರೆ ಮಧ್ಯಾಹ್ನದ ಮೀಟಿಂಗಿನಲ್ಲಿ ನಿದ್ದೆ ಬರುತ್ತದೆ. ಹಗಲಿಗೆ ಗಂಜಿ-ಚಟ್ನಿ ಸಾಕೆಂದರೆ ಮನೆಯವರಿಗೂ ಹಗುರ.

ನಮಗಿನ್ನೂ ಮದುವೆ ಆಗಿಲ್ಲ. ರೂಮ್ ಕೊಡ್ತಾರಾ?

ವಯಸ್ಕರಿಬ್ಬರು ಒಂದೇ ರೂಮಿನಲ್ಲಿ ಇರಬಾರದೆಂಬ ಕಾನೂನಿಲ್ಲ. ಆದರೆ ಹೋಂಸ್ಟೇ ಎಂದರೆ ಒಬ್ಬರ ಮನೆ. ಅಜ್ಜ-ಅಜ್ಜಿ ಒಳಗೇ ಇರುತ್ತಾರೆ, ಕೆಲವರು ಒಪ್ಪುವುದಿಲ್ಲ. ಬುಕ್ ಮಾಡುವಾಗಲೇ ಹೇಳಿಬಿಡಿ, ರಾತ್ರಿ ಎಂಟಕ್ಕೆ ಬಾಗಿಲಲ್ಲಿ ನಿಂತು ಹೇಳುವುದಕ್ಕಿಂತ ವಾಸಿ. ಮದುವೆಯಾಗಿರಲಿ, ಬಿಡಲಿ, ಇಬ್ಬರ ಗುರುತಿನ ಚೀಟಿಯೂ ಬೇಕು.

ಪೆಟ್ರೋಲ್ ಎಷ್ಟು ಹಿಡಿಯಬಹುದು?

ಶಿವಮೊಗ್ಗದಿಂದ ಶಿವಮೊಗ್ಗಕ್ಕೆ ಮೇಲಿನ ಸುತ್ತು, ವಾರಾಂತ್ಯದ ಓಡಾಟ ಎಲ್ಲ ಸೇರಿ 900ರಿಂದ 1,000 ಕಿ.ಮೀ. ಏರು, ತಿರುವು, ಎರಡನೇ ಗೇರು ಎಂದು ಸಣ್ಣ ಪೆಟ್ರೋಲ್ ಕಾರೂ ಲೀಟರಿಗೆ 13 ಕಿ.ಮೀ. ಕೊಟ್ಟರೆ ಹೆಚ್ಚು, ಅಂದರೆ 75 ಲೀಟರ್ ಹತ್ತಿರ. ಬೆಂಗಳೂರಿಂದ ಬಂದು ಹೋಗುವ ಸುಮಾರು 600 ಕಿ.ಮೀ. ಬೇರೆ. ತಾಲ್ಲೂಕು ಕೇಂದ್ರ ಬಿಡುವಾಗ ಅರ್ಧ ಟ್ಯಾಂಕಿಗಿಂತ ಕಡಿಮೆ ಇರಬಾರದು.

## ಕೆಲಸ, ನೆಟ್‌ವರ್ಕ್, ಕರೆಂಟು

ಯಾವ ಸಿಮ್ ತಗೋಬೇಕು? ಜಿಯೋನಾ, ಏರ್‌ಟೆಲ್ಲಾ, ಬಿಎಸ್ಎನ್ಎಲ್ಲಾ?

ಒಂದನ್ನೇ ಆರಿಸುವುದೇ ತಪ್ಪು. ಗುಡ್ಡದ ಈ ಬದಿ ಒಂದು ಸಿಗುತ್ತದೆ, ಆ ಬದಿ ಇನ್ನೊಂದು. ಇಬ್ಬರ ನಡುವೆ ಮೂರು ಕಂಪನಿಯ ಸಿಮ್ ಇರಲಿ: ಒಬ್ಬರ ಮುಖ್ಯ ಸಿಮ್ ಜಿಯೋ, ಇನ್ನೊಬ್ಬರದು ಏರ್‌ಟೆಲ್, ಯಾರದಾದರೂ ಎರಡನೇ ಸ್ಲಾಟಿನಲ್ಲಿ ಬಿಎಸ್ಎನ್ಎಲ್. ಒಳಹಳ್ಳಿಗಳಲ್ಲಿ ಬೇರೆ ಯಾವುದೂ ಇಲ್ಲದ ಕಡೆ ಬಿಎಸ್ಎನ್ಎಲ್ ಒಂದೇ ಸಿಗುವುದುಂಟು. ವೇಗ ಇಲ್ಲದಿದ್ದರೂ "ಕರೆಂಟಿಲ್ಲ, ಎರಡು ಗಂಟೆ ಸಿಗಲ್ಲ" ಎಂದು ಆಫೀಸಿಗೆ ತಿಳಿಸಲು ಅಷ್ಟು ಸಾಕು. ಆ ಜಾಗದ ಮಟ್ಟಿಗೆ ಹೋಂಸ್ಟೇಯವರ ಕಿಸೆಯಲ್ಲಿರುವ ಸಿಮ್ ಯಾವುದೋ ಅದೇ ಸರಿಯಾದ ಉತ್ತರ.

ಕರೆಂಟ್ ಹೋದಾಗ ಮೊಬೈಲ್ ಡೇಟಾ ಇದ್ದೇ ಇರುತ್ತಲ್ಲ, ಮತ್ಯಾಕೆ ಹೆದರಿಸ್ತೀರಿ?

ಮೊದಲ ಕೆಲವು ಗಂಟೆ ಇರುತ್ತದೆ. ಟವರ್ ಕೂಡ ಅದೇ ಲೈನಿನಿಂದ ಕರೆಂಟು ಪಡೆಯುತ್ತದೆ. ಕರೆಂಟು ಹೋದಾಗ ಬ್ಯಾಟರಿ ಮೇಲೆ ಓಡುತ್ತದೆ, ಆಮೇಲೆ ಡೀಸೆಲ್ ಜನರೇಟರ್ ಇದ್ದರೆ, ಅದಕ್ಕೆ ಡೀಸೆಲ್ ಇದ್ದರೆ, ಮುಂದುವರಿಯುತ್ತದೆ. ಸಣ್ಣ ಹಳ್ಳಿಯ ಟವರ್ ಮೂರ್ನಾಲ್ಕು ಗಂಟೆಗೆ ಮಲಗಿಬಿಡುವುದು ಮಾಮೂಲು. ಹಾಗಾಗಿ ಬೆಳಿಗ್ಗೆ ಎದ್ದು ನೋಡಿದಾಗ ರಾತ್ರಿಯಿಂದ ಕರೆಂಟಿಲ್ಲ ಎಂದಾದರೆ ಸಿಗ್ನಲ್ ಇನ್ನೂ ಇದೆಯೆಂದು ನೆಚ್ಚಿ ಕೂರಬೇಡಿ, ಲ್ಯಾಪ್‌ಟಾಪ್ ಎತ್ತಿಕೊಂಡು ಪೇಟೆಗೆ ಹೊರಡಿ. ಅಲ್ಲಿ ಒಂದು ಲಾಡ್ಜ್ ರೂಮು ಹಗಲಿಗೆ ಹಿಡಿದರೂ ದುಬಾರಿಯಲ್ಲ.

ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಗೆ ಕರೆಂಟು ಮೆಸ್ಕಾಂನದು, ದೂರಿನ ನಂಬರು 1912. ಅದಕ್ಕಿಂತ ಮೊದಲು ಹೋಂಸ್ಟೇಯವರ ಹತ್ತಿರ ಕೇಳಿ. ಲೈನ್‌ಮನ್ ಈಗ ಯಾವ ಮರ ಕಡಿಯುತ್ತಿದ್ದಾರೆಂಬುದು ಅವರಿಗೆ ಗೊತ್ತಿರುತ್ತದೆ. ನಾಡಿಗೆಲ್ಲ ಬೆಳಕು ಕೊಟ್ಟ ಶರಾವತಿಯ ಮಗ್ಗುಲಲ್ಲೇ ಚಿಮಣಿ ದೀಪ ಎಂಬುದು ಇಲ್ಲಿನವರ ಹಳೇ ಕುಹಕ.

ಇಬ್ಬರಿಗೂ ಒಂದೇ ಟೈಮಿಗೆ ಕಾಲ್. ಒಂದೇ ರೂಮು. ದಿನಾ ಜಗಳ ಆಗ್ತಿದೆ.

ಭಾನುವಾರ ರಾತ್ರಿ ಹತ್ತು ನಿಮಿಷ ಕೂತು ಇಬ್ಬರ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಡಿ. ಒಂದೇ ಹೊತ್ತಿನ ಕಾಲ್‌ಗಳಲ್ಲಿ ಯಾರು ಹೆಚ್ಚು ಮಾತಾಡಬೇಕೋ ಅವರಿಗೆ ರೂಮು, ಬರೀ ಕೇಳಿಸಿಕೊಳ್ಳುವವರಿಗೆ ಜಗಲಿ. ಇದನ್ನು ಆ ಕ್ಷಣದಲ್ಲಿ ತೀರ್ಮಾನಿಸಲು ಹೋದರೆ ಜಗಳವೇ. ಇಬ್ಬರೂ ಒಂದೇ ವೈಫೈಗೆ ಅಂಟಿಕೊಳ್ಳದೆ ಒಬ್ಬರು ಫೈಬರ್, ಒಬ್ಬರು ಮೊಬೈಲ್ ಹಾಟ್‌ಸ್ಪಾಟ್ ಬಳಸಿ. ಇಯರ್‌ಫೋನ್‌ನ ಮೈಕು ಬಾಯಿಯ ಹತ್ತಿರ ಬರುವಂಥದ್ದಿರಲಿ, ಲ್ಯಾಪ್‌ಟಾಪಿನ ಮೈಕು ಜೀರುಂಡೆ, ಕಪ್ಪೆ, ನಿಮ್ಮವರ ಮಾತು ಎಲ್ಲವನ್ನೂ ಹಿಡಿಯುತ್ತದೆ. ಕಾರು ಮೂರನೇ ರೂಮಾಗುತ್ತದೆ: ನೆರಳಲ್ಲಿ ನಿಲ್ಲಿಸಿ, ಗಾಜು ಒಂದಿಂಚು ಇಳಿಸಿ ಹಿಂದಿನ ಸೀಟಿನಲ್ಲಿ ಕೂತರೆ ಹೊರಗಿನ ಸದ್ದು ಬಹುಪಾಲು ನಿಲ್ಲುತ್ತದೆ. ತೆಂಗಿನ ಮರದ ನೆರಳು ಮಾತ್ರ ಬೇಡ.

ದಿನಕ್ಕೆ ಎರಡು ಜಿಬಿ ಪ್ಯಾಕ್ ಸಾಕಾಗುತ್ತಾ?

ವೀಡಿಯೋ ಹಾಕಿದರೆ ಸಾಲದು. ಗುಂಪಿನ ವೀಡಿಯೋ ಕಾಲ್ ಗಂಟೆಗೆ ಸುಮಾರು ಒಂದು ಜಿಬಿ ತಿನ್ನುತ್ತದೆ, ಬರೀ ಧ್ವನಿ 100 ಎಂಬಿಯೊಳಗೆ. ಹೊರಡುವ ಮುಂಚೆಯೇ ಲ್ಯಾಪ್‌ಟಾಪಿನಲ್ಲಿ ಹಾಟ್‌ಸ್ಪಾಟನ್ನು "ಮೀಟರ್ಡ್" ಎಂದು ಗುರುತಿಸಿ. ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ಹಿಂದಿನಿಂದ ಎರಡೂ ಜಿಬಿ ನುಂಗಿ ಕೂರುತ್ತದೆ.

ನನಗೆ ಅಮೆರಿಕದ ಶಿಫ್ಟು, ನಮ್ಮ ಮನೆಯವರಿಗೆ ಹಗಲು ಕೆಲಸ. ಹೊಂದಿಸೋದು ಹೇಗೆ?

ರೂಮಿನ ಮಟ್ಟಿಗೆ ಅನುಕೂಲವೇ, ಪಾಳಿ ತಾನಾಗೇ ಬರುತ್ತದೆ. ತೊಂದರೆ ಬೇರೆ ಎರಡು ಕಡೆ. ಹಳ್ಳಿ ಮನೆಗಳಲ್ಲಿ ರಾತ್ರಿ ಹತ್ತಕ್ಕೆ ಮಲಗುವಾಗ ಮೇನ್ ಸ್ವಿಚ್ಚು, ರೂಟರ್ ಆರಿಸುವವರಿದ್ದಾರೆ, ಮೊದಲೇ ಹೇಳಿಟ್ಟಿರಿ. ಹಲಗೆ ಅಟ್ಟದ ಮನೆಯಾದರೆ ನಿಮ್ಮ ಮಾತು ಮನೆಗೆಲ್ಲ ಕೇಳುತ್ತದೆ, ಹೊರಬಾಗಿಲಿನ ರೂಮು ಕೇಳಿ. ಎರಡನೆಯದು ಶನಿವಾರದ ಪ್ರಯಾಣ: ಬೆಳಗಿನ ಜಾವ ಮೂರಕ್ಕೆ ಕೆಲಸ ಮುಗಿಸಿದವರು ಅಂದು ಸ್ಟೀರಿಂಗ್ ಹಿಡಿಯಬಾರದು. ಇನ್ನೊಬ್ಬರಿಗೆ ಘಾಟಿ ಓಡಿಸಿ ಅಭ್ಯಾಸವಿಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಹೊರಡಿ.

ಗಾಡಿ ಓಡ್ತಿರುವಾಗಲೇ ಪಕ್ಕದ ಸೀಟಲ್ಲಿ ಕೂತು ಕೆಲಸ ಮಾಡಬಹುದಲ್ವಾ?

ಶಿವಮೊಗ್ಗ-ಸಾಗರದಂಥ ನೇರ ದಾರಿಯಲ್ಲಿ ಮೇಲ್ ಓದಬಹುದು. ಒಂದು ಟವರಿನಿಂದ ಇನ್ನೊಂದಕ್ಕೆ ಹಾರುವಾಗ ಕಾಲ್ ಕಡಿಯುತ್ತದೆ, ತೀರ್ಥಹಳ್ಳಿ ದಾಟಿದ ಮೇಲೆ ಹಾರಲು ಟವರೇ ಇಲ್ಲದ ಕಿಲೋಮೀಟರುಗಳಿವೆ. ಘಾಟಿಯಲ್ಲಿ ಪರದೆ ನೋಡಿದವರು ಎಂಟನೇ ತಿರುವಿಗೆ ವಾಂತಿ ಮಾಡುತ್ತಾರೆ.

## ದಾರಿ, ಗಾಡಿ, ಕಾಡು

ಘಾಟಿ ಓಡಿಸಿ ಅನುಭವ ಇಲ್ಲ. ಆಗುಂಬೆ ಇಳೀಬಹುದಾ?

ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳು. ಹಗಲಿನಲ್ಲಿ, ಒಣ ದಾರಿಯಲ್ಲಿ, ಸಣ್ಣ ಕಾರಿಗೆ ಕಷ್ಟವಲ್ಲ. ಇಳಿಯುವಾಗ ಬ್ರೇಕು ಒತ್ತಿಕೊಂಡೇ ಬರುವುದು ಹೊಸಬರ ತಪ್ಪು. ಡಿಸ್ಕು, ಪ್ಯಾಡು ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ, ಅಂದರೆ ಎರಡನೆಯದು, ತಿರುವಿನಲ್ಲಿ ಬೇಕಾದರೆ ಒಂದನೆಯದು. ಆಟೋಮ್ಯಾಟಿಕ್ ಆದರೆ "ಡಿ"ಯಲ್ಲೇ ಬಿಡದೆ "ಎಲ್" ಅಥವಾ ಮ್ಯಾನುಯಲ್‌ಗೆ ಹಾಕಿ. ವಾಸನೆ ಬಂದರೆ ಅಗಲ ಇರುವ ಕಡೆ 20 ನಿಮಿಷ ನಿಲ್ಲಿಸಿ, ಬಿಸಿ ಚಕ್ರಕ್ಕೆ ನೀರು ಎರಚಬೇಡಿ. ಹತ್ತುತ್ತಿರುವ ಗಾಡಿಗೆ ದಾರಿ ಬಿಡುವುದು ನಿಯಮ. ತಿರುವಿಗೆ ಮುಂಚೆ ಹಾರ್ನ್ ಮಾಡಿ. ಮಂಜಿದ್ದರೆ ಹೈ ಬೀಮ್ ಬೇಡ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಮಳೆಗಾಲದಲ್ಲಿ ಗುಡ್ಡ ಜರಿದರೆ ಜಿಲ್ಲಾಡಳಿತ ಘಾಟಿ ಮುಚ್ಚುತ್ತದೆ. ಕರಾವಳಿಗೆ ಇಳಿಯಲೇಬೇಕಿದ್ದರೆ ಹೊಸನಗರ, ನಗರ ಎಂಬ ಊರುಗಳ ಮೇಲೆ ಹುಲಿಕಲ್ ಘಾಟಿ, ಇಲ್ಲವೇ ಶೃಂಗೇರಿ-ಕೆರೆಕಟ್ಟೆ ಮೇಲೆ ಕಾರ್ಕಳ. ಕೆರೆಕಟ್ಟೆ ದಾರಿ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹೋಗುತ್ತದೆ, ಫೋಟೋಕ್ಕೆಂದು ನಿಲ್ಲಿಸಬೇಡಿ.

ಡಿಕ್ಕಿಯಲ್ಲಿ ಏನೇನು ಇರಬೇಕು?

ಗಾಳಿ ತುಂಬಿದ ಸ್ಟೆಪ್ನಿ (ಒತ್ತಡ ನೋಡಿದ್ದೀರಾ?), ಜಾಕು, 12 ವೋಲ್ಟಿನ ಗಾಳಿ ಪಂಪು, ಪಂಕ್ಚರ್ ಕಿಟ್, ಜಂಪರ್ ಕೇಬಲ್, ತಲೆಗೆ ಕಟ್ಟುವ ಟಾರ್ಚು, 5 ಲೀಟರ್ ನೀರು. ಟೈರಿನ ಗೀರುಗಳ ಆಳ ಕನಿಷ್ಠ 1.6 ಮಿ.ಮೀ. ಇರಬೇಕೆಂದು ಕಾನೂನು ಹೇಳುತ್ತದೆ, ಮಲೆನಾಡಿನ ಒದ್ದೆ ದಾರಿಗೆ 3 ಮಿ.ಮೀ.ಗಿಂತ ಇಳಿದಿದ್ದರೆ ಬದಲಿಸಿಯೇ ಬನ್ನಿ. ವೈಪರ್ ರಬ್ಬರ್ ಹೊಸದಿರಲಿ. ಇಲ್ಲಿನ ಜೀಪುಗಳಲ್ಲಿ ಕತ್ತಿ, ಹಗ್ಗ ಇದ್ದೇ ಇರುತ್ತದೆ, ಬಿದ್ದ ಕೊಂಬೆ ಕಡಿದು ಎಳೆಯಲು. ನಿಮಗೆ ಮಡಚುವ ಕೈಗರಗಸ, 10 ಮೀಟರ್ ಹಗ್ಗ ಸಾಕು. ಕೊಂಬೆಯ ಜೊತೆ ವೈರು ಬಿದ್ದಿದ್ದರೆ ಮುಟ್ಟಬೇಡಿ, ದೂರ ನಿಂತು 1912ಕ್ಕೆ ಹೇಳಿ. ಆಂಬುಲೆನ್ಸ್ 108, ಉಳಿದ ತುರ್ತಿಗೆ 112.

ಮಳೇಲಿ ಗಾಜೆಲ್ಲ ಒಳಗಡೆ ಮಬ್ಬಾಗುತ್ತೆ, ಏನೂ ಕಾಣಲ್ಲ.

ಬಟ್ಟೆಯಲ್ಲಿ ಒರೆಸುತ್ತಾ ಹೋದರೆ ಮುಗಿಯದು. ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಒಳಗಾಳಿ ತಿರುಗುವ ಬಟನ್ ಆಫ್ ಮಾಡಿ ಹೊರಗಾಳಿ ಬರಲು ಬಿಡಿ. ಒದ್ದೆ ಛತ್ರಿ, ಚಪ್ಪಲಿ ಡಿಕ್ಕಿಗೆ ಹಾಕಿ. ತೇವವೆಲ್ಲ ಬರುವುದು ಅವುಗಳಿಂದಲೇ.

ದುಡ್ಡು ಉಳಿಸೋಕೆ ಕಾರಲ್ಲೇ ಮಲಗೋದು, ಟೆಂಟ್ ಹಾಕೋದು ಮಾಡಬಹುದಾ?

ಕಾಯ್ದಿಟ್ಟ ಅರಣ್ಯದೊಳಗೆ ಅನುಮತಿ ಇಲ್ಲದೆ ಟೆಂಟು ಹಾಕುವುದು, ಬೆಂಕಿ ಹೊತ್ತಿಸುವುದು ಅಪರಾಧ. ಮಲೆನಾಡಿನಲ್ಲಿ ದಾರಿಬದಿಯ "ಖಾಲಿ ಜಾಗ" ಎಂದು ಕಾಣುವುದು ಒಂದೋ ಅರಣ್ಯದ್ದು, ಇಲ್ಲವೇ ಯಾರದೋ ಬ್ಯಾಣ (ಹುಲ್ಲುಗಾವಲು). ಕಾಟಿ, ಕೆಲವು ಕಡೆ ಆನೆ ಓಡಾಡುವ ಜಾಗವೂ ಹೌದು. ಚಾರಣಕ್ಕೆ ಅರಣ್ಯ ಇಲಾಖೆಯ "ಅರಣ್ಯ ವಿಹಾರ" ತಾಣದಲ್ಲಿ ಮೊದಲೇ ಬುಕ್ ಮಾಡಬೇಕಾದ ಕಡೆಗಳಿವೆ. ಹೋಂಸ್ಟೇಯವರ ಅಂಗಳದಲ್ಲಿ ಕೇಳಿ ಟೆಂಟು ಹಾಕಿ, ಬಚ್ಚಲು ಬಳಸಿದ್ದಕ್ಕೆ, ಊಟಕ್ಕೆ ದುಡ್ಡು ಕೊಡಿ. ತೋಟದ ದಾರಿಯಲ್ಲಿ ಉಣುಗೋಲು (ಬೇಲಿಬಾಗಿಲಿನ ಅಡ್ಡಗಳ) ತೆಗೆದು ಒಳಹೋದರೆ ಮತ್ತೆ ಹಾಕಿಯೇ ಮುಂದೆ ಹೋಗಿ. ಮರೆತರೆ ದನ ನುಗ್ಗಿ ಅಡಿಕೆ ಸಸಿ ತಿಂದ ಬೈಗುಳ ನಿಮ್ಮ ಕಾರಿನ ನಂಬರಿಗೇ.

ಸಿಗಂದೂರಿಗೆ ಈಗಲೂ ಲಾಂಚಿಗೆ ಕಾಯಬೇಕಾ?

ಇಲ್ಲ. ಅಂಬಾರಗೊಡ್ಲು-ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಜುಲೈ 2025ರಲ್ಲಿ ತೆರೆಯಿತು. ಸಾಗರದಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದು.

ಇಂಬಳಕ್ಕೆ ಹೆದರಿಕೆ ಆಗುತ್ತೆ. ಮಂಗನ ಕಾಯಿಲೆ ಬೇರೆ ಅಂತಾರೆ.

ಇಂಬಳ ಅಸಹ್ಯ, ಅಪಾಯವಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಕಾಲುಚೀಲಕ್ಕೆ ಸುಣ್ಣ ಅಥವಾ ಹೊಗೆಸೊಪ್ಪಿನ ಪುಡಿ ಸವರಿ. ಕಚ್ಚಿದ್ದರೆ ಚಿಟಿಕೆ ಉಪ್ಪು ಹಾಕಿ, ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲದು, ಗಾಬರಿ ಬೇಡ.

ಹೆದರಬೇಕಾದ್ದು ಉಣುಗಿಗೆ (ಉಣ್ಣೆಹುಳಕ್ಕೆ). ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು ಕಚ್ಚುವುದರಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ನಡುವೆ. ಅಂದರೆ ಮಳೆ, ಇಂಬಳ ತಪ್ಪಿಸಿಕೊಂಡು ಬರುವ ಕಾಲವೇ ಇದರ ಕಾಲ. ಆ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಕೂರಬೇಡಿ, ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ಬಂದ ತಕ್ಷಣ ಬಿಸಿನೀರು, ಸೋಪಿನಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮೈಗೆ ಅಂಟಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸುಡುವುದು, ಹಿಸುಕುವುದು ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಕಚ್ಚಿದ 3ರಿಂದ 8 ದಿನದಲ್ಲಿ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಸ್ವಂತ ಔಷಧಿ ಮಾಡದೆ ಆಸ್ಪತ್ರೆಗೆ ಹೋಗಿ. ಬೆಂಗಳೂರಿಗೆ ಮರಳಿದ ಮೇಲೆ ಜ್ವರ ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವೆಂದು ಡಾಕ್ಟರಿಗೆ ಹೇಳಲೇಬೇಕು, ಇಲ್ಲದಿದ್ದರೆ ಅವರ ಯೋಚನೆ ಡೆಂಗಿಯ ಕಡೆಗೇ ಹೋಗುತ್ತದೆ.

ಎಲೆಕ್ಟ್ರಿಕ್ ಕಾರಲ್ಲಿ ಬರಬಹುದಾ?

ಒಂದೇ ಊರಲ್ಲಿ ವಾರವಿಡೀ ನಿಲ್ಲುವ ಕ್ರಮಕ್ಕೆ ಚೆನ್ನಾಗೇ ಹೊಂದುತ್ತದೆ. 15 ಆಂಪ್ಸಿನ ಪ್ಲಗ್ಗಿನಲ್ಲಿ ಗಂಟೆಗೆ 3 ಯೂನಿಟ್ಟಿನಂತೆ ರಾತ್ರಿ ಹತ್ತು ಗಂಟೆಯಲ್ಲಿ ಸುಮಾರು 30 ಯೂನಿಟ್. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಚಾರ್ಜರ್ ಶುರುವೇ ಆಗದು, ಮೊದಲೇ ವಿಚಾರಿಸಿ, ಯೂನಿಟ್ ಲೆಕ್ಕದಲ್ಲಿ ದುಡ್ಡು ಕೊಡಿ. ಮಳೆಗಾಲಕ್ಕೆ ಬೇಡ.

## ಇನ್ನಷ್ಟು ಆಳಕ್ಕೆ

ಫೋನಲ್ಲಿ ಎರಡು ಕಡ್ಡಿ ತೋರಿಸುತ್ತೆ, ಆದ್ರೂ ಕಾಲ್ ಒಡೆಯುತ್ತೆ. ಸಿಗ್ನಲ್ ಬೂಸ್ಟರ್ ಹಾಕಿಸಲಾ?

ಬೂಸ್ಟರ್ ಬೇಡ. ಪರವಾನಗಿ ಇಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, ಸುತ್ತಲಿನವರ ನೆಟ್‌ವರ್ಕೂ ಕೆಡುತ್ತದೆ. ಕಡ್ಡಿ ಲೆಕ್ಕ ಬಿಟ್ಟು ಸಿಗ್ನಲ್ ಅಳೆಯುವ ಆ್ಯಪ್‌ನಲ್ಲಿ ಆರ್‌ಎಸ್‌ಆರ್‌ಪಿ ಎಂಬ ಅಂಕಿ ನೋಡಿ. ಅದು ಸಿಗ್ನಲ್ಲಿನ ಬಲ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 90 ಅಥವಾ ಅದಕ್ಕಿಂತ ಒಳ್ಳೆಯದಿದ್ದರೆ ವೀಡಿಯೋ ಆರಾಮ. ಮೈನಸ್ 105ರ ಹತ್ತಿರ ಧ್ವನಿ ಮಾತ್ರ. ಮೈನಸ್ 115 ದಾಟಿದರೆ ಆ ಜಾಗ ಬಿಡಿ. ಫೋನ್ ಹಿಡಿದು ಮನೆಯ ನಾಲ್ಕೂ ಮೂಲೆ, ಅಟ್ಟ, ಅಂಗಳ ಸುತ್ತಿ ಅಂಕಿ ಬರೆದುಕೊಳ್ಳಿ. ಹತ್ತು ಹೆಜ್ಜೆಗೆ ಆ ಅಂಕಿಯಲ್ಲಿ ಹತ್ತರ ವ್ಯತ್ಯಾಸ ಬರುವುದುಂಟು.

700, 850, 900 ಮೆಗಾಹರ್ಟ್ಸ್‌ನ ಅಲೆಗಳು ಮರ, ಗುಡ್ಡ ದಾಟಿ ದೂರ ಬರುತ್ತವೆ, 2300ರದು ಬೇಗ ಸೋಲುತ್ತದೆ. ಒದ್ದೆ ಎಲೆ ಇನ್ನಷ್ಟು ಹೀರುತ್ತದೆ, ಬೇಸಿಗೆಯಲ್ಲಿ ಸಿಕ್ಕ ಜಾಗದಲ್ಲಿ ಮಳೆಗಾಲದಲ್ಲಿ ಸಿಗದಿರುವುದು ಇದಕ್ಕೇ. ನಿಯಮದೊಳಗಿನ ಪರಿಹಾರವೆಂದರೆ ಹೊರ ಆಂಟೆನಾಕ್ಕೆ ಎರಡು ಕಿಂಡಿಗಳಿರುವ 4ಜಿ ರೂಟರ್ ಮತ್ತು ಒಂದೇ ದಿಕ್ಕಿಗೆ ನೋಡುವ ಆಂಟೆನಾ. ಕಂಬಕ್ಕೆ ಕಟ್ಟಿ, ಟವರ್ ಕಡೆ ತಿರುಗಿಸಿ, ಹತ್ತು ಡಿಗ್ರಿಯಂತೆ ಸರಿಸುತ್ತಾ ಅಂಕಿ ನೋಡಿ. ಕೇಬಲ್ 5 ಮೀಟರ್ ಮೀರಿದರೆ ಗಳಿಸಿದ್ದೆಲ್ಲ ಕೇಬಲ್ಲೇ ತಿನ್ನುತ್ತದೆ, ಕೇಬಲ್ ಎಳೆಯುವ ಬದಲು ರೂಟರನ್ನೇ ಆಂಟೆನಾದ ಹತ್ತಿರ ಇಡಿ.

ಕರೆಂಟಿಲ್ಲದಾಗ ಇಬ್ಬರೂ ಕೆಲಸ ಮಾಡೋಕೆ ಎಷ್ಟು ದೊಡ್ಡ ಬ್ಯಾಟರಿ ಬೇಕು?

ಲೆಕ್ಕ ಸುಲಭ. ಲ್ಯಾಪ್‌ಟಾಪಿಗೆ ಸರಾಸರಿ 40 ವಾಟ್, ಎರಡಕ್ಕೆ 80, ರೂಟರ್ 10, ಒಟ್ಟು 90. ಆರು ಗಂಟೆಗೆ 540 ವಾಟ್-ಅವರ್. ಲ್ಯಾಪ್‌ಟಾಪುಗಳೊಳಗೇ ತಲಾ ಸುಮಾರು 50 ಇರುತ್ತದೆ, ಉಳಿದದ್ದು 440. ಆದ್ದರಿಂದ 500 ವಾಟ್-ಅವರಿನ ಪವರ್ ಸ್ಟೇಷನ್ ಒಂದು ಹಗಲು ದಾಟಿಸುತ್ತದೆ. ಆದಷ್ಟು ಅದರ ಟೈಪ್-ಸಿ ಕಿಂಡಿಯಿಂದಲೇ ಚಾರ್ಜ್ ಮಾಡಿ, 230 ವೋಲ್ಟಿಗೆ ಏರಿಸಿ ಅಡಾಪ್ಟರಿನಲ್ಲಿ ಮತ್ತೆ ಇಳಿಸಿದರೆ ನೂರಕ್ಕೆ ಹತ್ತು-ಹದಿನೈದು ಶಾಖವಾಗಿ ಹೋಗುತ್ತದೆ. 20,000 ಎಂಎಎಚ್ ಪವರ್‌ಬ್ಯಾಂಕ್ ಎಂದರೆ 74 ವಾಟ್-ಅವರ್ ಅಷ್ಟೇ, ಒಂದು ಲ್ಯಾಪ್‌ಟಾಪಿಗೆ ಒಂದೂವರೆ ಗಂಟೆ. ರೂಟರಿಗೆ ಮಾತ್ರ ಬೇರೆ ಮಿನಿ ಯುಪಿಎಸ್ ತನ್ನಿ: 8,800 ಎಂಎಎಚ್‌ನದು 12 ವೋಲ್ಟಿನ ರೂಟರನ್ನು ಮೂರು ಗಂಟೆ ಎಳೆಯುತ್ತದೆ.

ಇಂಜಿನ್ ಆರಿಸಿ ಕಾರಿನ ಬ್ಯಾಟರಿಯಿಂದ ಲ್ಯಾಪ್‌ಟಾಪ್ ಓಡಿಸಬೇಡಿ. 40 ಆಂಪ್-ಅವರಿನ ಬ್ಯಾಟರಿಯಲ್ಲಿ 60 ವಾಟ್ ಎರಡು ಗಂಟೆ ಎಳೆದರೆ ಕಾಲು ಭಾಗ ಖಾಲಿ, ಬ್ಯಾಟರಿ ಹಳೆಯದಾದರೆ ಸ್ಟಾರ್ಟ್ ಆಗುವುದೋ ಇಲ್ಲವೋ ಎಂಬ ಗಡಿಗೆ ಬಂದಿರುತ್ತೀರಿ.

ಕಾರಿಗೆ ಎರಡನೇ ಬ್ಯಾಟರಿ ಕೂರಿಸಬೇಕು ಅಂತಿದೀನಿ. ರಿಲೇ ಹಾಕಿದ್ರೆ ಸಾಕಾ?

ರಿಲೇ ಎಂದರೆ ಇಂಜಿನ್ ಓಡುವಾಗ ಎರಡೂ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚು, ಹಳೇ ಗಾಡಿಗಾದರೆ ಅದು ಸಾಕಿತ್ತು. ಬಿಎಸ್-6 ಕಾರುಗಳಲ್ಲಿ ಹಲವಕ್ಕೆ ಸ್ಮಾರ್ಟ್ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ತುಂಬುವ ಯಂತ್ರ) ಇದೆ, ಇಂಧನ ಉಳಿಸಲು ವೋಲ್ಟೇಜನ್ನು 12.5ರ ಹತ್ತಿರಕ್ಕೂ ಇಳಿಸುತ್ತದೆ, ರಿಲೇಯಿಂದ ಲಿಥಿಯಂ ಬ್ಯಾಟರಿ ತುಂಬದು. ಬಂದ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಹೊಂದಿಸುವ 20 ಆಂಪ್ಸಿನ ಡಿಸಿ-ಡಿಸಿ ಚಾರ್ಜರ್ ಬೇಕು. 100 ಆಂಪ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವಾಟ್-ಅವರ್ ಇರುತ್ತದೆ, ಅರ್ಧ ಖಾಲಿಯಾದದ್ದು ಎರಡೂವರೆ ಗಂಟೆ ಓಡಿಸಿದರೆ ತುಂಬುತ್ತದೆ. ವೈರು ಮುಂದಿನಿಂದ ಹಿಂದಕ್ಕೆ 4 ಮೀಟರ್ ಎಂದುಕೊಂಡರೆ 10 ಚದರ ಮಿ.ಮೀ.ನದು ಹಾಕಿ, 6ರದಾದರೆ ಅರ್ಧ ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಬೀಳುತ್ತದೆ. ಎರಡೂ ಬ್ಯಾಟರಿಯ ಪ್ಲಸ್ ತುದಿಯಿಂದ 20 ಸೆಂ.ಮೀ. ಒಳಗೆ 40 ಆಂಪ್ಸಿನ ಫ್ಯೂಸ್ ಇರಲೇಬೇಕು. ಒಂದೇ ಕಡೆ ಹಾಕಿದರೆ ವೈರು ಉಜ್ಜಿ ತುಂಡಾದಾಗ ಇನ್ನೊಂದು ಬ್ಯಾಟರಿ ಬೆಂಕಿ ಹಚ್ಚುತ್ತದೆ. ಹನ್ನೊಂದು-ಹನ್ನೆರಡು ಕೆ.ಜಿ. ತೂಕ, ನೆಲಕ್ಕೆ ಬೋಲ್ಟ್ ಮಾಡಿದ ಪಟ್ಟಿಯಿಂದ ಬಿಗಿಯಿರಿ.

ಆದರೆ ವಾರವಿಡೀ ಒಂದೇ ಮನೆಯಲ್ಲಿರುವವರಿಗೆ ಇದು ಅನಗತ್ಯ ಖರ್ಚು. ಕಾರು ಓಡದಿದ್ದರೆ ಬ್ಯಾಟರಿ ತುಂಬುವುದೂ ಇಲ್ಲ. ಸೀಟು ಕಿತ್ತು ಹಾಸಿಗೆ ಮಾಡುವಂಥ ಬದಲಾವಣೆಗಂತೂ ಮೊದಲು ಆರ್‌ಟಿಒ ಒಪ್ಪಿಗೆ ಬೇಕು, ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ಕೈ ತೊಳೆದುಕೊಳ್ಳಲು ಕಾರಣ ಸಿಕ್ಕಂತೆ.

ಸೋಲಾರ್ ಪ್ಯಾನೆಲ್ ತಂದ್ರೆ?

ಜನವರಿಯ ಬಯಲಲ್ಲಿ 100 ವಾಟಿನ ಪ್ಯಾನೆಲ್ ದಿನಕ್ಕೆ 400 ವಾಟ್-ಅವರ್ ಹತ್ತಿರ ಕೊಡುತ್ತದೆ. ಜುಲೈಯ ಮೋಡದಲ್ಲಿ 100 ದಾಟಿದರೆ ಪುಣ್ಯ. ಅಡಿಕೆ ತೋಟದ ನೆರಳಲ್ಲಿ ಏನೂ ಇಲ್ಲ.

ಲ್ಯಾಪ್‌ಟಾಪ್ ಬ್ಯಾಗಿಗೆಲ್ಲ ಬೂಷ್ಟು ಬಂದಿದೆ. ಒಳಗೂ ಹೋಗಿರುತ್ತಾ?

ದಿನಾ ಬಳಸುವ ಲ್ಯಾಪ್‌ಟಾಪು ತನ್ನ ಬಿಸಿಗೇ ಒಣಗಿರುತ್ತದೆ. ಬೂಷ್ಟು ಹಿಡಿಯುವುದು ಮುಚ್ಚಿಟ್ಟದ್ದಕ್ಕೆ: ಕ್ಯಾಮೆರಾ ಲೆನ್ಸು, ಹಾರ್ಡ್ ಡಿಸ್ಕು, ಚರ್ಮದ ಬೆಲ್ಟು. ಅವನ್ನು ಗಾಳಿಯಾಡದ ಡಬ್ಬಿಯಲ್ಲಿ 50 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ, ಹರಳು ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆ ಅಡುಗೆಗೆ ಬೇಡ. ಎಸಿ ಕಾರಿನಿಂದ ಇಳಿದ ತಣ್ಣನೆಯ ಲ್ಯಾಪ್‌ಟಾಪನ್ನು ಬ್ಯಾಗಿನಲ್ಲೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆರೆಯಿರಿ, ಇಲ್ಲದಿದ್ದರೆ ಹೊರಗಿನ ತೇವ ಅದರೊಳಗೆ ಹನಿಗಟ್ಟುತ್ತದೆ. ಒಣಗದ ಬಟ್ಟೆಯನ್ನು ರೂಮಿನಲ್ಲಿ ಹರವಿ ತೇವ ಹೆಚ್ಚಿಸುವ ಬದಲು ಮನೆಯವರನ್ನು ಕೇಳಿ ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿ. ಹೊಗೆ ವಾಸನೆ ಎರಡು ದಿನ ಇರುತ್ತದೆ, ವೀಡಿಯೋ ಕಾಲ್‌ನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.